ಬ್ರೂನೈ: ಎರಡು ತುಂಡಾಗಿರುವ ಈ ಪುಟ್ಟ ದೇಶದಲ್ಲಿ ಅರಸೊತ್ತಿಗೆ ಉಳಿದದ್ದು ಹೇಗೆ?

ಓದುಗ_ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆಗ್ನೇಯ ಏಷ್ಯಾದಲ್ಲಿ ಇವತ್ತಿಗೂ ರಾಜರಿರುವ ದೇಶಗಳು ನಾಲ್ಕು: ಥಾಯ್ಲೆಂಡ್, ಕಾಂಬೋಡಿಯಾ, ಮಲೇಷ್ಯಾ, ಬ್ರೂನೈ. ಮೊದಲ ಮೂರರಲ್ಲಿ ಸಿಂಹಾಸನದ ಮೇಲೆ ಕೂತವರು ಒಬ್ಬರು, ಸರ್ಕಾರ ನಡೆಸುವವರು ಇನ್ನೊಬ್ಬರು. ಬ್ರೂನೈನಲ್ಲಿ ಮಾತ್ರ ಎರಡೂ ಒಬ್ಬರೇ. ಕನ್ನಡದಲ್ಲಿ ಈ ದೇಶದ ಬಗ್ಗೆ ಹುಡುಕಿದರೆ ಸಿಗುವುದು ಅರಮನೆಯ ಕೋಣೆಗಳ ಲೆಕ್ಕ, ಕಾರುಗಳ ಲೆಕ್ಕ. ಅದರಾಚೆಗಿನದು ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮುಖ್ಯವಾಗಿ ನಾಲ್ಕು ಸಂಶಯ. ನಕ್ಷೆಯಲ್ಲಿ ದೇಶ ಎರಡು ತುಂಡಾಗಿ ಕಾಣುತ್ತದೆ, ನಡುವೆ ಮಲೇಷ್ಯಾ ಏಕೆ ನುಗ್ಗಿದೆ? ಸುತ್ತಲಿನ ಸರವಾಕ್, ಸಬಾ ಎರಡೂ 1963ರಲ್ಲಿ ಮಲೇಷ್ಯಾ ಸೇರಿದಾಗ ಇದೊಂದೇ ಹೊರಗುಳಿದದ್ದು ಹೇಗೆ? ಆದಾಯ ತೆರಿಗೆ ಇಲ್ಲದೆ ಸರ್ಕಾರ ನಡೆಯುವುದು ಹೇಗೆ? ಕೊನೆಯದಾಗಿ, ಕೆಲಸಕ್ಕೋ ಪ್ರವಾಸಕ್ಕೋ ಹೋಗುವವರು ಎಲ್ಲಿ ಎಡವುತ್ತಾರೆ?

ನಕ್ಷೆಗಾರ

ಮೊದಲು ಅಳತೆ. ವಿಸ್ತೀರ್ಣ 5,765 ಚದರ ಕಿ.ಮೀ., ಅಂದರೆ ನಮ್ಮ ಕೊಡಗಿಗಿಂತ ದೊಡ್ಡದು, ಹಾಸನ ಜಿಲ್ಲೆಗಿಂತ ಚಿಕ್ಕದು. ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ, ಕೊಡಗಿಗಿಂತ ಕಡಿಮೆ. ಜಿಲ್ಲೆಗಳು ನಾಲ್ಕು: ಬ್ರೂನೈ-ಮುವಾರಾ, ತುತೋಂಗ್, ಬೆಲಾಯತ್, ತೆಂಬುರೋಂಗ್. ಮೊದಲ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ತೆಂಬುರೋಂಗ್ ಒಂಟಿಯಾಗಿ ಪೂರ್ವಕ್ಕಿದೆ. ನಡುವೆ ಇರುವುದು ಸರವಾಕ್‌ಗೆ ಸೇರಿದ ಲಿಂಬಾಂಗ್ ನದಿಯ ಕಣಿವೆ.

ಒಂದು ಕಾಲಕ್ಕೆ ಬೋರ್ನಿಯೋ ಕರಾವಳಿಯ ಬಹುಭಾಗಕ್ಕೆ ಬ್ರೂನೈ ಸುಲ್ತಾನರೇ ಒಡೆಯರು. ದ್ವೀಪಕ್ಕೆ 'ಬೋರ್ನಿಯೋ' ಎಂಬ ಹೆಸರು ಬಂದದ್ದೇ ಬ್ರೂನೈ ಎಂಬ ಮಾತನ್ನು ಯುರೋಪಿನವರು ಉಚ್ಚರಿಸಿದ ರೀತಿಯಿಂದ. 1521ರಲ್ಲಿ ಮೆಗೆಲನ್‌ನ ಹಡಗುಗಳು, ಅವನು ಸತ್ತ ಮೇಲೆ, ಇಲ್ಲಿಗೆ ಬಂದವು. ಜೊತೆಗಿದ್ದ ಪಿಗಫೆಟ್ಟಾ ನೀರಿನ ಮೇಲೆ ಕಟ್ಟಿದ ಊರನ್ನು ಕಂಡು 25 ಸಾವಿರ ಒಲೆಗಳ ಪಟ್ಟಣ ಎಂದು ಬರೆದಿಟ್ಟ.

ಇಳಿಗಾಲ ಶುರುವಾದದ್ದು 19ನೇ ಶತಮಾನದಲ್ಲಿ. ಸರವಾಕ್‌ನಲ್ಲಿ ಎದ್ದಿದ್ದ ದಂಗೆ ಅಡಗಿಸಲು ನೆರವಾದ ಜೇಮ್ಸ್ ಬ್ರೂಕ್ ಎಂಬ ಇಂಗ್ಲಿಷ್ ಸಾಹಸಿಗೆ 1841ರಲ್ಲಿ ಅಲ್ಲಿನ ಆಡಳಿತ ಸಿಕ್ಕಿತು. ಮುಂದಿನ ಆರು ದಶಕ ಬ್ರೂಕ್ ಮನೆತನ ಒಂದೊಂದೇ ನದಿಯ ಕಣಿವೆಯನ್ನು ನುಂಗುತ್ತ ಬಂತು. 1882ರಲ್ಲಿ ಬರಾಮ್, 1885ರಲ್ಲಿ ತ್ರುಸಾನ್. ಈಚೆ ಕಡೆಯಿಂದ ಉತ್ತರ ಬೋರ್ನಿಯೋ ಕಂಪನಿ ಇವತ್ತಿನ ಸಬಾವನ್ನು ತೆಗೆದುಕೊಂಡಿತು. ಅಲ್ಲಿ ಹಳ್ಳಿ, ಸುಂಕ, ಜನ ಎಲ್ಲವೂ ನದಿಯ ದಡದಲ್ಲೇ. ನದಿ ಹೋಯಿತೆಂದರೆ ಆ ಸೀಮೆಯೇ ಹೋದಂತೆ.

1888ರಲ್ಲಿ ಬ್ರೂನೈ ಬ್ರಿಟಿಷರ ರಕ್ಷಣೆಗೆ ಒಳಪಟ್ಟಿತು. ರಕ್ಷಣೆ ಸಿಕ್ಕ ಎರಡೇ ವರ್ಷಕ್ಕೆ, 1890ರಲ್ಲಿ, ಚಾರ್ಲ್ಸ್ ಬ್ರೂಕ್ ಲಿಂಬಾಂಗ್ ಅನ್ನು ವಶಪಡಿಸಿಕೊಂಡ, ಬ್ರಿಟಿಷರು ತಡೆಯಲಿಲ್ಲ. ಸುಲ್ತಾನ್ ಹಾಶಿಮ್ ಪರಿಹಾರದ ಹಣ ಮುಟ್ಟಲು ಒಪ್ಪಲಿಲ್ಲ. ಅವತ್ತು ಬಿದ್ದ ಗೆರೆಯೇ ಇವತ್ತಿನ ನಕ್ಷೆಯಲ್ಲಿ ಕಾಣುವುದು.

ಉಳಿದ ತುಂಡುಗಳೂ ಸರವಾಕ್ ಪಾಲಾಗುವುದರಲ್ಲಿದ್ದವು. 1904ರಲ್ಲಿ ಪರಿಶೀಲನೆಗೆ ಬಂದ ಮೆಕಾರ್ಥರ್ ಎಂಬ ಅಧಿಕಾರಿ, ಬ್ರೂನೈಯನ್ನು ಬ್ರೂಕ್‌ಗೆ ಒಪ್ಪಿಸಬೇಡಿ, ಸುಲ್ತಾನರನ್ನು ಉಳಿಸಿ ರೆಸಿಡೆಂಟ್ ಎಂಬ ಒಬ್ಬ ಬ್ರಿಟಿಷ್ ಪ್ರತಿನಿಧಿಯನ್ನು ನೇಮಿಸಿ ಎಂದು ವರದಿ ಕೊಟ್ಟ. 1906ರಿಂದ ಅದೇ ಏರ್ಪಾಡು ಜಾರಿಗೆ ಬಂತು. ಮತಾಚಾರ ಬಿಟ್ಟು ಉಳಿದೆಲ್ಲದರಲ್ಲಿ ಸುಲ್ತಾನರು ರೆಸಿಡೆಂಟನ ಸಲಹೆ ಪಾಲಿಸಬೇಕು. ಅಧಿಕಾರ ಹೋಯಿತು, ಸಿಂಹಾಸನ ಉಳಿಯಿತು. ಆಗಿನ್ನೂ ಅಲ್ಲಿ ತೈಲ ಸಿಕ್ಕಿರಲಿಲ್ಲ ಎನ್ನುವುದನ್ನು ಗಮನಿಸಬೇಕು. ಬ್ರೂನೈ ಉಳಿದದ್ದೇ ತೈಲದಿಂದ ಎನ್ನುವವರು 1906ರ ಈ ತಿರುವನ್ನು ಮರೆಯುತ್ತಾರೆ.

ಹಳೆಕಡತ

ನಕ್ಷೆಗಾರರು ನಿಲ್ಲಿಸಿದ ಕಡೆಯಿಂದ ಮುಂದುವರಿಸುತ್ತೇನೆ. ಇವತ್ತಿನ ಬ್ರೂನೈ ಅರ್ಥವಾಗಬೇಕಾದರೆ 1959ರಿಂದ 1963ರವರೆಗಿನ ನಾಲ್ಕು ವರ್ಷಗಳನ್ನು ನಿಧಾನವಾಗಿ ನೋಡಬೇಕು. ಹೆಚ್ಚಿನ ಬರಹಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಆಗ ಆಳುತ್ತಿದ್ದವರು 28ನೇ ಸುಲ್ತಾನ್ ಮೂರನೇ ಒಮರ್ ಅಲಿ ಸೈಫುದ್ದೀನ್, ಈಗಿನ ಸುಲ್ತಾನರ ತಂದೆ. 1959ರ ಸೆಪ್ಟೆಂಬರ್ 29ರಂದು ಲಿಖಿತ ಸಂವಿಧಾನ ಬಂತು. ರೆಸಿಡೆಂಟ್ ಹುದ್ದೆ ಹೋಗಿ ಹೈಕಮಿಷನರ್ ಬಂದರು, ಒಳಾಡಳಿತ ಸುಲ್ತಾನರ ಕೈಗೆ ಮರಳಿತು. ಶಾಸನ ಸಭೆಯ 33 ಸ್ಥಾನಗಳಲ್ಲಿ 16 ಮಾತ್ರ ಚುನಾಯಿತ. 1962ರ ಆಗಸ್ಟ್ ಚುನಾವಣೆಯಲ್ಲಿ ಎ. ಎಂ. ಅಜಹಾರಿ ನೇತೃತ್ವದ ಪಾರ್ತಿ ರಕ್ಯತ್ ಬ್ರೂನೈ, ಅಂದರೆ ಪ್ರಜಾ ಪಕ್ಷ, ಆ 16ನ್ನೂ ಬಾಚಿಕೊಂಡಿತು. ಆದರೂ ಬಹುಮತ ಚುನಾಯಿತರಲ್ಲದ 17 ಮಂದಿಯದೇ. ಗೆದ್ದವರಿಗೆ ಸರ್ಕಾರ ನಡೆಸುವ ದಾರಿಯೇ ಇಲ್ಲದ ಇಂಥ ಸಭೆಯಲ್ಲಿ ಬಿಕ್ಕಟ್ಟು ಹುಟ್ಟದಿದ್ದರೆ ಆಶ್ಚರ್ಯ.

ಇತ್ತ 1961ರ ಮೇ ತಿಂಗಳಲ್ಲೇ ಮಲಯದ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಮಲೇಷ್ಯಾ ಒಕ್ಕೂಟದ ಪ್ರಸ್ತಾಪ ಇಟ್ಟಿದ್ದರು. ಅಜಹಾರಿಗೆ ಅದು ಬೇಡ. ಬ್ರೂನೈ, ಸರವಾಕ್, ಉತ್ತರ ಬೋರ್ನಿಯೋ ಮೂರೂ ಸೇರಿದ ಪ್ರತ್ಯೇಕ ರಾಜ್ಯ ಬೇಕು, ಅದಕ್ಕೆ ಸುಲ್ತಾನರೇ ಸಂವಿಧಾನಬದ್ಧ ಮುಖ್ಯಸ್ಥರಾಗಲಿ ಎಂಬುದು ಅವರ ವಾದ.

1962ರ ಡಿಸೆಂಬರ್ 8ರ ಬೆಳಗಿನ ಜಾವ ದಂಗೆ ಎದ್ದಿತು. ಪೊಲೀಸ್ ಠಾಣೆಗಳು, ಸೆರಿಯಾದ ತೈಲ ಕೇಂದ್ರ ಗುರಿ. ಅಜಹಾರಿ ಆಗ ಮನಿಲಾದಲ್ಲಿದ್ದರು. ಸುಲ್ತಾನರನ್ನು ವಶಕ್ಕೆ ತೆಗೆದುಕೊಂಡು ಅವರ ಹೆಸರಿನಲ್ಲೇ ಘೋಷಣೆ ಹೊರಡಿಸುವ ಲೆಕ್ಕಾಚಾರ ತಪ್ಪಿತು. ಸುಲ್ತಾನರು ದಂಗೆಯನ್ನು ಖಂಡಿಸಿ ಬ್ರಿಟಿಷರ ನೆರವು ಕೇಳಿದರು. ಸಿಂಗಾಪುರದಿಂದ ಗೂರ್ಖಾ ಪಡೆ ವಿಮಾನದಲ್ಲಿ ಬಂದಿಳಿಯಿತು. ಪಟ್ಟಣಗಳು ಕೆಲವೇ ದಿನಗಳಲ್ಲಿ ಹಿಡಿತಕ್ಕೆ ಬಂದವು, ಕಾಡಿನಲ್ಲಿ ಅಡಗಿದ ಕೊನೆಯ ಮುಖಂಡರು 1963ರ ಮೇ ತಿಂಗಳಲ್ಲಿ ಸಿಕ್ಕಿಬಿದ್ದರು.

ಇದರ ಎರಡು ಫಲ ಇವತ್ತಿಗೂ ಕಾಣುತ್ತವೆ. ಆಗ ಹೇರಿದ ತುರ್ತು ಪರಿಸ್ಥಿತಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸುತ್ತ ಬರಲಾಗಿದೆ, ಸುಲ್ತಾನರು ಆಜ್ಞೆಗಳ ಮೂಲಕ ಕಾನೂನು ಮಾಡುವುದು ಆ ಅಧಿಕಾರದ ಆಧಾರದ ಮೇಲೆ. ಎರಡನೆಯದು, ಸೆರಿಯಾದಲ್ಲಿ ಇಂದಿಗೂ ಬ್ರಿಟಿಷ್ ಸೇನೆಯ ಗೂರ್ಖಾ ಬೆಟಾಲಿಯನ್ ಇದೆ, ಖರ್ಚು ಬ್ರೂನೈನದು, ಒಪ್ಪಂದ ಐದು ವರ್ಷಕ್ಕೊಮ್ಮೆ ನವೀಕರಣ.

ಮಲೇಷ್ಯಾ ಸೇರದಿದ್ದಕ್ಕೆ ಕಾರಣ ದಂಗೆ ಎಂದು ಕೆಲವರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ದಂಗೆ ಅಡಗಿದ ಮೇಲೂ ಸುಲ್ತಾನರು 1963ರಲ್ಲಿ ಕೌಲಾಲಂಪುರದ ಜೊತೆ ಮಾತುಕತೆ ನಡೆಸಿದರು. ಮುರಿದದ್ದು ಎರಡು ವಿಷಯದಲ್ಲಿ. ತೈಲದ ಆದಾಯ ಒಕ್ಕೂಟಕ್ಕೆ ಎಷ್ಟು, ಎಷ್ಟು ವರ್ಷದ ಬಳಿಕ ಹೋಗಬೇಕು ಎನ್ನುವುದು ಒಂದು. ಮಲಯ ಸುಲ್ತಾನರ ಮಂಡಳಿಯಲ್ಲಿ ಬ್ರೂನೈ ಸುಲ್ತಾನರ ಹಿರಿತನದ ಸಾಲು ಯಾವುದು ಎನ್ನುವುದು ಇನ್ನೊಂದು. ಅಲ್ಲಿ ಸರದಿಯ ಮೇಲೆ ಐದು ವರ್ಷಕ್ಕೊಬ್ಬ ಸುಲ್ತಾನರು ದೇಶದ ರಾಜರಾಗುತ್ತಾರೆ. ಹಿರಿತನವನ್ನು ಪಟ್ಟಕ್ಕೆ ಬಂದ ವರ್ಷದಿಂದ ಎಣಿಸಬೇಕೋ ಒಕ್ಕೂಟ ಸೇರಿದ ದಿನದಿಂದಲೋ ಎಂಬುದರ ಮೇಲೆ ಆ ಸರದಿ ನಿಂತಿತ್ತು. ಹೊರಗಿನವರಿಗೆ ಎರಡನೆಯದು ಸಣ್ಣ ವಿಷಯ ಎನಿಸಬಹುದು. ಶತಮಾನಗಳ ವಂಶಾವಳಿ ಇರುವ ಅರಮನೆಗೆ ಅದು ಸಣ್ಣದಲ್ಲ.

1967ರ ಅಕ್ಟೋಬರ್‌ನಲ್ಲಿ ಒಮರ್ ಅಲಿ ಪಟ್ಟ ತ್ಯಜಿಸಿ 21 ವರ್ಷದ ಮಗ ಹಸನಲ್ ಬೋಲ್ಕಿಯಾಗೆ ಕೊಟ್ಟರು. ಚುನಾವಣೆ ನಡೆಸಿ ಎಂದು ಬ್ರಿಟನ್‌ನಿಂದ ಒತ್ತಡ ಇದ್ದ ಕಾಲ ಅದು. 1971ರ ಒಪ್ಪಂದದಿಂದ ಬ್ರಿಟನ್ನಿನ ಹೊಣೆ ವಿದೇಶಾಂಗಕ್ಕೆ ಸೀಮಿತವಾಯಿತು, ರಕ್ಷಣೆಯಲ್ಲಿ ಸಮಾಲೋಚನೆ ಮಾತ್ರ ಉಳಿಯಿತು. ಪೂರ್ಣ ಸ್ವಾತಂತ್ರ್ಯ 1984ರ ಜನವರಿ 1ರಂದು. ಪರೀಕ್ಷೆಗೆ ಓದುವವರು ಇಲ್ಲಿ ತಪ್ಪುತ್ತಾರೆ: ರಾಷ್ಟ್ರೀಯ ದಿನ ಜನವರಿ 1 ಅಲ್ಲ, ಫೆಬ್ರವರಿ 23. ಆ ವರ್ಷ ಸಾರ್ವಜನಿಕ ಸಂಭ್ರಮ ನಡೆದದ್ದು ಆ ದಿನ.

ಶಾಸನ ಸಭೆ 1984ರಿಂದ 20 ವರ್ಷ ಸೇರಲೇ ಇಲ್ಲ. 2004ರಲ್ಲಿ ಮತ್ತೆ ಕರೆದರು. ಸಂವಿಧಾನ ತಿದ್ದಿ 15 ಚುನಾಯಿತ ಸ್ಥಾನಗಳಿಗೆ ಅವಕಾಶ ಇಟ್ಟರು, ಆದರೆ ಅದಕ್ಕೆ ಚುನಾವಣೆ ನಡೆದಿಲ್ಲ. ಈಗ ಸದಸ್ಯರೆಲ್ಲ ನೇಮಕಗೊಂಡವರು. ಮತದಾನ ಏನಿದ್ದರೂ ಹಳ್ಳಿ ಮುಖ್ಯಸ್ಥರ ಮತ್ತು 'ಮುಕಿಮ್' ಎಂಬ ಹೋಬಳಿಯಂಥ ಘಟಕದ ಮುಖ್ಯಸ್ಥರ ಆಯ್ಕೆಗೆ. ಪ್ರಧಾನಿ, ರಕ್ಷಣೆ, ಹಣಕಾಸು, ವಿದೇಶಾಂಗ ನಾಲ್ಕೂ ಹೊಣೆ ಸುಲ್ತಾನರದೇ. 1998ರಲ್ಲಿ ಯುವರಾಜ ಪಟ್ಟ ಪಡೆದ ಅಲ್-ಮುಹ್ತದಿ ಬಿಲ್ಲಾ 2005ರಿಂದ ಪ್ರಧಾನಿ ಕಚೇರಿಯ ಹಿರಿಯ ಸಚಿವರು, ಹಾಗಾಗಿ ಉತ್ತರಾಧಿಕಾರದಲ್ಲಿ ಗೊಂದಲ ಇಲ್ಲ. 2022ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡ ಮೇಲೆ ಈಗ ಆಳುತ್ತಿರುವ ಅರಸರಲ್ಲಿ ಅತಿ ದೀರ್ಘಕಾಲ ಪಟ್ಟದಲ್ಲಿರುವವರು ಹಸನಲ್ ಬೋಲ್ಕಿಯಾ.

ತೈಲಬಾವಿ

ತೆರಿಗೆ ಪ್ರಶ್ನೆಗೆ ಉತ್ತರ.

ಸೆರಿಯಾದಲ್ಲಿ ತೈಲ ಸಿಕ್ಕಿದ್ದು 1929ರಲ್ಲಿ. ಕಡಲೊಳಗಿನ ಮೊದಲ ದೊಡ್ಡ ನಿಕ್ಷೇಪ ಸೌತ್ ವೆಸ್ಟ್ ಅಂಪಾ, 1963. ಈ ಇಸವಿಯನ್ನು ಹಳೆಕಡತ ಅವರು ಹೇಳಿದ ಮಾತುಕತೆಯ ಪಕ್ಕ ಇಟ್ಟು ನೋಡಿ, ಆದಾಯದ ಪಾಲಿನ ಜಗಳ ಏಕೆ ಅಷ್ಟು ಬಿಗಿಯಾಯಿತು ಎಂಬುದು ಗೊತ್ತಾಗುತ್ತದೆ.

ಬ್ರೂನೈ ಶೆಲ್ ಪೆಟ್ರೋಲಿಯಂ ಸರ್ಕಾರ ಮತ್ತು ಶೆಲ್ ಕಂಪನಿಯ ಸಮಪಾಲು. ಲುಮುತ್‌ನ ದ್ರವೀಕೃತ ಅನಿಲ ಸ್ಥಾವರ 1972ರಿಂದ ನಡೆಯುತ್ತಿದೆ, ಅದರಲ್ಲಿ ಸರ್ಕಾರಕ್ಕೆ ಅರ್ಧ, ಶೆಲ್ ಮತ್ತು ಮಿತ್ಸುಬಿಷಿಗೆ ಕಾಲು ಕಾಲು. ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿಗೆ ತಂಪು ಮಾಡಿದರೆ ಅದು ದ್ರವವಾಗಿ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹಡಗಿನಲ್ಲಿ ಸಾಗಿಸಬಹುದು. ಕೊಳ್ಳುವವರು ಜಪಾನಿನ ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳು, ಮೊದಲ ಒಪ್ಪಂದವೇ 20 ವರ್ಷದ್ದು. ನನ್ನ ಪ್ರಕಾರ ಬ್ರೂನೈನ ಸ್ಥಿರತೆಗೆ ತೈಲಕ್ಕಿಂತ ಈ ದೀರ್ಘಾವಧಿ ಅನಿಲ ಒಪ್ಪಂದಗಳೇ ಹೆಚ್ಚು ಕಾರಣ. ಮುಂದಿನ ಹತ್ತು ವರ್ಷ ಸರಕು ಕೊಳ್ಳುವವರು ಯಾರು ಎಂದು ಮೊದಲೇ ಗೊತ್ತಿರುವ ಖಜಾನೆ ಬೇರೆಯೇ ರೀತಿ ಯೋಜನೆ ಹಾಕುತ್ತದೆ.

ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಜಿಎಸ್‌ಟಿಯಂಥದ್ದೂ ಇಲ್ಲ. ಕಂಪನಿಗಳಿಗೆ ಶೇ. 18.5, ಪೆಟ್ರೋಲಿಯಂ ಕಂಪನಿಗಳಿಗೆ ಶೇ. 55. ಇದರ ಮೇಲೆ ರಾಜಧನ (ರಾಯಲ್ಟಿ), ಲಾಭಾಂಶ. 1983ರಲ್ಲಿ ಸ್ಥಾಪಿಸಿದ ಬ್ರೂನೈ ಹೂಡಿಕೆ ಸಂಸ್ಥೆ ಮಿಕ್ಕ ಹಣವನ್ನು ಹೊರದೇಶಗಳಲ್ಲಿ ತೊಡಗಿಸುತ್ತದೆ. ಪ್ರಜೆಗಳಿಗೆ ಶಾಲೆ ಉಚಿತ, ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಡಾಲರ್ ನೋಂದಣಿ ಶುಲ್ಕ, ಕಂತಿನ ಮೇಲೆ ಸರ್ಕಾರಿ ಮನೆ. ಪೆಟ್ರೋಲ್ ಲೀಟರಿಗೆ 53 ಸೆಂಟ್, ಡೀಸೆಲ್ 31 ಸೆಂಟ್, ಬಹಳ ವರ್ಷಗಳಿಂದ ಇದೇ ದರ.

ತೊಂದರೆ ಎಲ್ಲಿ ಎಂದರೆ, ಉತ್ಪಾದನೆ 1979ರ ಹೊತ್ತಿಗೆ ದಿನಕ್ಕೆ 2.4 ಲಕ್ಷ ಬ್ಯಾರೆಲ್ ದಾಟಿತ್ತು, ಈಗ ಸುಮಾರು 1 ಲಕ್ಷ. 80ರ ದಶಕದಲ್ಲಿ ನಿಕ್ಷೇಪ ಉಳಿಸಲೆಂದು ತಾವಾಗಿಯೇ ಇಳಿಸಿದರು, ಆಮೇಲೆ ಬಾವಿಗಳಿಗೂ ವಯಸ್ಸಾಯಿತು. 2014ರಲ್ಲಿ ತೈಲ ಬೆಲೆ ಕುಸಿದ ಮೇಲೆ ಬಜೆಟ್‌ನಲ್ಲಿ ದೊಡ್ಡ ಕೊರತೆ ಬಿತ್ತು. ಬೆಲೆ ಬಿದ್ದಾಗ ಬೇರೆ ದೇಶಗಳು ತೆರಿಗೆ ಹೆಚ್ಚಿಸಬಹುದು. ಇಲ್ಲಿ ಹೆಚ್ಚಿಸಲು ಜನರ ಮೇಲಿನ ತೆರಿಗೆಯೇ ಇಲ್ಲ, ಉಳಿತಾಯ ಕರಗಿಸಬೇಕು ಇಲ್ಲವೇ ಖರ್ಚು ಕಡಿಯಬೇಕು. ಸರ್ಕಾರಿ ನೌಕರಿಯನ್ನೇ ನೆಚ್ಚಿದ ಯುವಜನರಿಗೆ ಮೊದಲ ಪೆಟ್ಟು ಬೀಳುವುದು ಅಲ್ಲೇ.

ಇದಕ್ಕೆ ಪರ್ಯಾಯವಾಗಿ ಮುವಾರಾ ಬೆಸಾರ್ ದ್ವೀಪದಲ್ಲಿ ಚೀನಾದ ಹೆಂಗ್ಯಿ ಕಂಪನಿಯ ಜೊತೆ ಸೇರಿ ಸಂಸ್ಕರಣಾಗಾರ ಕಟ್ಟಿದರು, 2019ರಿಂದ ಉತ್ಪಾದನೆ. ಅದರ ಹೊಟ್ಟೆ ತುಂಬಲು ಬ್ರೂನೈನ ಸ್ವಂತ ತೈಲ ಸಾಲದು, ಕಚ್ಚಾತೈಲವನ್ನು ಆಮದು ಮಾಡಿಕೊಳ್ಳುತ್ತಾರೆ.

ಓದುಗ_ದಾವಣಗೆರೆ

ಮೂವರಿಗೂ ತುಂಬಾ ಧನ್ಯವಾದ. ಮೆಕಾರ್ಥರ್ ವರದಿಯ ವಿಷಯ ಇದೇ ಮೊದಲ ಸಲ ತಿಳಿದದ್ದು. ಇನ್ನೊಂದು ಸಂಶಯ: 'ಬಂದರ್ ಸೆರಿ ಬೆಗವಾನ್' ಎಂಬ ರಾಜಧಾನಿಯ ಹೆಸರು ಕಿವಿಗೆ ಪರಿಚಿತ ಎನಿಸುತ್ತದೆ. ಕಾಕತಾಳೀಯವೇ?

ಪದಬುತ್ತಿ

ಕಾಕತಾಳೀಯ ಅಲ್ಲ ಸರ್. 'ಬಂದರ್' ಪಾರಸಿ ಮಾತು, ಕನ್ನಡದ 'ಬಂದರು' ಕೂಡ ಅದೇ ಮೂಲದ್ದು. 'ಸೆರಿ ಬೆಗವಾನ್' ಎಂದರೆ 'ಶ್ರೀ ಭಗವಾನ್'. ಪಟ್ಟ ಬಿಟ್ಟುಕೊಟ್ಟ ಮೇಲೆ ಒಮರ್ ಅಲಿಯವರು ಧರಿಸಿದ ಬಿರುದು ಅದು. 1970ರಲ್ಲಿ ಅವರ ಗೌರವಕ್ಕೆ 'ಬ್ರೂನೈ ಟೌನ್' ಎಂಬ ಹಳೆಯ ಹೆಸರನ್ನು ಹೀಗೆ ಬದಲಿಸಿದರು.

ಇಸ್ಲಾಂ ಬರುವ ಮೊದಲೇ ಮಲಯ ಭಾಷೆಗೆ ಸಂಸ್ಕೃತದ ಆಡಳಿತ ಪದಗಳು ಹೋಗಿದ್ದವು. ಧರ್ಮ ಬದಲಾದರೂ ಅರಮನೆಯ ಮಾತು ಬದಲಾಗಲಿಲ್ಲ. ಅರಮನೆಗೆ 'ಇಸ್ತಾನಾ', ನಮ್ಮ 'ಆಸ್ಥಾನ'. ಸಿಂಹಾಸನ ಅಲ್ಲಿ 'ಸಿಂಗಸಾನಾ'. ರಾಜಕುಮಾರ 'ಪುತೆರಾ', ರಾಜಕುಮಾರಿ 'ಪುತೆರಿ', ಪಟ್ಟದ ರಾಣಿ 'ರಾಜಾ ಇಸ್ತೆರಿ', ಭಾಷೆ 'ಬಹಾಸಾ', ಪ್ರಧಾನಿ 'ಪೆರ್ದಾನಾ ಮೆಂತೆರಿ'. ರಾಜ್ಯದ ನಾಲ್ವರು ವಜೀರರಲ್ಲಿ ಒಬ್ಬರ ಪದವಿ 'ಬೆಂದಹಾರಾ', ಅದರ ಬೇರು 'ಭಂಡಾರ'.

ಸುಲ್ತಾನರನ್ನು ಸಂಬೋಧಿಸುವ 'ಕೆಬಾವಾಹ್ ದುಲಿ' ಎಂಬ ನುಡಿಗಟ್ಟು ನನಗೆ ತುಂಬಾ ಹಿಡಿಸಿದ್ದು. 'ದುಲಿ' ಎಂದರೆ ಧೂಳಿ. ಪಾದಧೂಳಿಯ ಕೆಳಗೆ ನಿಂತು ಮಾತಾಡುತ್ತಿದ್ದೇನೆ ಎಂಬ ಭಾವ. ಬಿರುದಿನಲ್ಲಿ 'ಪಾದುಕಾ ಸೆರಿ' ಕೂಡ ಬರುತ್ತದೆ, ನಮ್ಮ ಪಾದುಕೆ ಮತ್ತು ಶ್ರೀ. ಅರಸನ ಮುಖವನ್ನು ನೇರ ಹೆಸರಿಸದೆ ಪಾದವನ್ನು ಹೆಸರಿಸುವ ಆ ಮರ್ಯಾದೆ ನಮ್ಮ ಹಳೆಯ ಶಾಸನಗಳ 'ತತ್ಪಾದಪದ್ಮೋಪಜೀವಿ'ಗೆ ಹತ್ತಿರದ್ದು.

ದೇಶದ ಪೂರ್ಣ ಹೆಸರು ನೆಗಾರಾ ಬ್ರೂನೈ ದಾರುಸ್ಸಲಾಮ್. 'ನೆಗಾರಾ' ನಗರದಿಂದ ಬಂದು ಅಲ್ಲಿ ದೇಶ ಎಂಬ ಅರ್ಥ ಪಡೆದಿದೆ. 'ದಾರುಸ್ಸಲಾಮ್' ಅರಬ್ಬಿ, ಶಾಂತಿಯ ಮನೆ. ಸ್ವಾತಂತ್ರ್ಯದ ದಿನ ಘೋಷಿಸಿದ ತತ್ತ್ವ 'ಮೆಲಾಯು ಇಸ್ಲಾಂ ಬೆರಾಜಾ': ಮಲಯತನ, ಇಸ್ಲಾಂ, ರಾಜತ್ವ. ಇದು ಶಾಲೆಯಲ್ಲಿ ಕಡ್ಡಾಯ ಪಾಠ. ಫಲಕಗಳಲ್ಲಿ ಅರಬ್ಬಿ ಲಿಪಿ ಕಂಡರೆ ಅದು ಅರಬ್ಬಿ ಭಾಷೆ ಎಂದುಕೊಳ್ಳಬೇಡಿ. ಆ ಲಿಪಿಯಲ್ಲಿ ಬರೆದ ಮಲಯ, ಹೆಸರು 'ಜಾವಿ'. ಅಂಗಡಿ ಫಲಕದಲ್ಲಿ ಜಾವಿ ಮೇಲೆ, ರೋಮನ್ ಕೆಳಗೆ ಇರಬೇಕೆಂಬುದು ನಿಯಮ.

ಕಡಲಾಚೆ

ಹೋಗುವವರಿಗೆ ಬೇಕಾದ ವಿಷಯ ನಾನು ಹೇಳುತ್ತೇನೆ.

ಹಣ: ಬ್ರೂನೈ ಡಾಲರ್ ಮತ್ತು ಸಿಂಗಾಪುರ ಡಾಲರ್ 1967ರ ಒಪ್ಪಂದದಂತೆ ಒಂದಕ್ಕೊಂದು ಸಮ. ಸಿಂಗಾಪುರದ ನೋಟನ್ನು ಬ್ರೂನೈನಲ್ಲಿ ನೇರವಾಗಿ ಖರ್ಚು ಮಾಡಬಹುದು. ಭಾರತದಿಂದ ಹೋಗುವವರು ಸಿಂಗಾಪುರ ಡಾಲರ್ ಕೊಳ್ಳುವುದು ಸುಲಭ, ಎಲ್ಲ ಕಡೆ ಸಿಗುತ್ತದೆ. ವಾಪಸು ಬರುವಾಗ ಬ್ರೂನೈ ನೋಟು ಉಳಿಸಿಕೊಳ್ಳಬೇಡಿ. ಬೇರೆ ದೇಶದಲ್ಲಿ ಅದಕ್ಕೆ ಒಳ್ಳೆಯ ದರ ಸಿಗುವುದಿಲ್ಲ, ಅಲ್ಲೇ ಸಿಂಗಾಪುರ ನೋಟಿಗೆ ಬದಲಿಸಿಕೊಳ್ಳಿ.

ಶುಕ್ರವಾರ: ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿ, ಹೋಟೆಲು, ಕಚೇರಿ ಎಲ್ಲ ಮುಚ್ಚಿರುತ್ತವೆ, ಇದು ಕಾನೂನು. ಸರ್ಕಾರಿ ಕಚೇರಿಗಳಿಗೆ ರಜೆ ಶುಕ್ರವಾರ ಮತ್ತು ಭಾನುವಾರ, ಶನಿವಾರ ಕೆಲಸ. ವೀಸಾ, ಪರವಾನಗಿ ಓಡಾಟ ಇರುವವರು ಗುರುವಾರ ಸಂಜೆಯೊಳಗೆ ಮುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಶನಿವಾರಕ್ಕೆ ಜಾರುತ್ತದೆ. ರಂಜಾನ್ ತಿಂಗಳಲ್ಲಿ ಹಗಲು ಸಾರ್ವಜನಿಕವಾಗಿ ತಿನ್ನುವುದು, ಕುಡಿಯುವುದು, ಸೇದುವುದು ಅಪರಾಧ. ಹೋಟೆಲಿನಿಂದ ಕಟ್ಟಿಸಿಕೊಂಡು ಹೋಗಿ ಕೋಣೆಯಲ್ಲಿ ತಿನ್ನಬೇಕು.

ಮದ್ಯ: 1991ರಿಂದ ಮಾರಾಟ ಇಲ್ಲ. ಮುಸ್ಲಿಮೇತರ ವಯಸ್ಕರು ಒಟ್ಟು ಸುಮಾರು 2 ಲೀಟರ್ ಆಗುವ ಎರಡು ಬಾಟಲಿ ಮತ್ತು 12 ಕ್ಯಾನ್ ಬಿಯರ್ ತರಬಹುದು. ಸುಂಕದವರ ಮುಂದೆ ನಮೂನೆ ತುಂಬಿ ಮೊಹರು ಹಾಕಿಸಿಕೊಂಡು ಆ ಚೀಟಿಯನ್ನು ಬಾಟಲಿ ಮುಗಿಯುವವರೆಗೂ ಇಟ್ಟುಕೊಳ್ಳಿ. ತಪ್ಪುವುದು ಇಲ್ಲೇ: ಅಳತೆ ಸರಿಯಿದೆಯಲ್ಲ ಎಂದುಕೊಂಡು, ಘೋಷಿಸದೆ ಹೊರಗೆ ಬಂದರೆ ಅದು ಕಳ್ಳಸಾಗಣೆ. ಮಾದಕ ವಸ್ತುವಿಗೆ ಮರಣದಂಡನೆಯವರೆಗೆ ಶಿಕ್ಷೆ ಇದೆ, ಇತರರ ಚೀಲ ಹೊತ್ತುಕೊಳ್ಳಲೇಬೇಡಿ.

ಓಡಾಟ: ವಾಹನ ನಮ್ಮಂತೆ ಎಡಬದಿ. ಬಸ್ಸು ಅಗ್ಗ, ಆದರೆ ಸಂಜೆಯಾದ ಮೇಲೆ ನೆಚ್ಚಬೇಡಿ. ಗ್ರ್ಯಾಬ್ ಎಂಬ ಟ್ಯಾಕ್ಸಿ ಆ್ಯಪ್ ಇಲ್ಲ, ಅಲ್ಲಿನದೇ ಆದ 'ಡಾರ್ಟ್' ಎಂಬ ಆ್ಯಪ್ ಹಾಕಿಕೊಳ್ಳಿ. ಕಾಂಪೊಂಗ್ ಆಯೆರ್, ಅಂದರೆ ಪಿಗಫೆಟ್ಟಾ ನೋಡಿದ ಆ ನೀರೂರು, ಈಗಲೂ ಇದೆ. ಕಂಬಗಳ ಮೇಲೆ ಮನೆ, ಶಾಲೆ, ಮಸೀದಿ. ದಡದಿಂದ ಬಾಡಿಗೆ ದೋಣಿಗೆ ಒಂದು ಡಾಲರ್, ಹತ್ತುವ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಹಲಗೆ ದಾರಿ ಮಳೆಯಲ್ಲಿ ಜಾರುತ್ತದೆ, ಅಡಿಭಾಗ ಗಟ್ಟಿಯಿರುವ ಚಪ್ಪಲಿ ಬೇಕು.

ವಿದ್ಯುತ್ ಪ್ಲಗ್ ಮೂರು ಚೌಕ ಕಡ್ಡಿಯದು, ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ. ಸಮಯ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ತೋರುಬೆರಳಿನಿಂದ ಯಾರನ್ನೂ ತೋರಿಸಬೇಡಿ, ಬಲಗೈ ಮುಷ್ಟಿಯ ಮೇಲೆ ಹೆಬ್ಬೆರಳು ಇಟ್ಟು ತೋರಿಸುವುದು ರೂಢಿ. ಹಳದಿ ರಾಜಮನೆತನದ ಬಣ್ಣ, ಅರಮನೆಯ ಸಮಾರಂಭಕ್ಕೆ ಆ ಬಣ್ಣ ಉಟ್ಟು ಹೋಗಬಾರದು. ಅಂದಹಾಗೆ, 1,788 ಕೋಣೆಗಳ ಇಸ್ತಾನಾ ನೂರುಲ್ ಇಮಾನ್ ಒಳಗೆ ಸಾಮಾನ್ಯರಿಗೆ ಪ್ರವೇಶ ಸಿಗುವುದು ರಂಜಾನ್ ಮುಗಿದ ಹಬ್ಬದ ದಿನಗಳಲ್ಲಿ. ಬಂದವರಿಗೆಲ್ಲ ಊಟ, ರಾಜಮನೆತನದವರ ಕೈಕುಲುಕುವ ಅವಕಾಶವೂ ಇರುತ್ತದೆ.

ಕೆಲಸಕ್ಕೆ ಹೋಗುವವರಿಗೆ ಕ್ರಮ ಹೀಗೆ. ಮೊದಲು ಮಾಲೀಕರು ಅಲ್ಲಿನ ಕಾರ್ಮಿಕ ಇಲಾಖೆಯಿಂದ ವಿದೇಶಿ ಕೆಲಸಗಾರರ ಪರವಾನಗಿ ಪಡೆಯಬೇಕು. ಅದರ ಮೇಲೆ ಉದ್ಯೋಗ ವೀಸಾ. ಹೋದ ಮೇಲೆ ವೈದ್ಯಕೀಯ ತಪಾಸಣೆ, ಆಮೇಲೆ ಹಸಿರು ಬಣ್ಣದ ಗುರುತಿನ ಚೀಟಿ. 'ಈಗ ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ' ಎಂದು ಏಜೆಂಟ್ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಪರವಾನಗಿಯಲ್ಲಿ ಬರೆದ ಮಾಲೀಕ ಮತ್ತು ಬರೆದ ಕೆಲಸ ಬಿಟ್ಟು ಬೇರೆ ಮಾಡಿದರೂ ಅಪರಾಧ.

ನಕ್ಷೆಗಾರ

ಕಡಲಾಚೆ ಅವರ ಮಾತಿಗೆ ಒಂದು ಸೇರಿಸಬೇಕು, ಇದರಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ರಾಜಧಾನಿಯಿಂದ ತೆಂಬುರೋಂಗ್‌ಗೆ ಹೋಗಲು ಹಿಂದೆ ಇದ್ದದ್ದು ದೋಣಿ, ಇಲ್ಲವೇ ಲಿಂಬಾಂಗ್ ಮೂಲಕ ರಸ್ತೆ. ರಸ್ತೆಯಲ್ಲಿ ಹೋದರೆ ಬ್ರೂನೈ ನಿರ್ಗಮನ, ಮಲೇಷ್ಯಾ ಪ್ರವೇಶ, ಮಲೇಷ್ಯಾ ನಿರ್ಗಮನ, ಮತ್ತೆ ಬ್ರೂನೈ ಪ್ರವೇಶ. ಹೋಗಿಬರಲು ಎಂಟು ಮೊಹರು. ಒಂದೇ ಪ್ರವೇಶದ ವೀಸಾ ಇದ್ದವರು ಹೊರಗೆ ಕಾಲಿಟ್ಟ ಕ್ಷಣ ವೀಸಾ ಮುಗಿದಂತೆ.

2020ರ ಮಾರ್ಚ್‌ನಲ್ಲಿ ಸುಮಾರು 30 ಕಿ.ಮೀ. ಉದ್ದದ ತೆಂಬುರೋಂಗ್ ಸೇತುವೆ ತೆರೆಯಿತು, ಕೊಲ್ಲಿಯ ಮೇಲೆ, ಮಲೇಷ್ಯಾ ಮುಟ್ಟದೆ. ಈಗ ಅದಕ್ಕೆ ಸುಲ್ತಾನ್ ಹಾಜಿ ಒಮರ್ ಅಲಿ ಸೈಫುದ್ದೀನ್ ಸೇತುವೆ ಎಂದು ಹೆಸರು. 1890ರಲ್ಲಿ ತುಂಡಾದ ದೇಶ ತನ್ನದೇ ದಾರಿಯಲ್ಲಿ ಸೇರಿದ್ದು 130 ವರ್ಷದ ಬಳಿಕ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಇನ್ನೂ ಲಿಂಬಾಂಗ್ ದಾರಿಯೇ ಇರುತ್ತದೆ, ಅದನ್ನು ನಂಬಿ ಹೊರಡಬೇಡಿ.

ಅಡುಗೆಮನೆ_ಶಿರಸಿ

ಊಟದ ಮಾತು ಯಾರೂ ಎತ್ತಲಿಲ್ಲ. ಅವರ ರಾಷ್ಟ್ರೀಯ ತಿನಿಸು 'ಅಂಬುಯತ್', ಸಾಗೋ ತಾಳೆಯ ತಿರುಳಿನ ಹಿಟ್ಟಿನ ಅಂಟು ಮುದ್ದೆ. ನಮ್ಮಲ್ಲಿ ಸಿಗುವ ಸಾಬಕ್ಕಿ ಮರಗೆಣಸಿನದು, ಅದರಿಂದ ಇದು ಬರುವುದಿಲ್ಲ.

ಒಂದು ಬಟ್ಟಲು ಹಿಟ್ಟನ್ನು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ. ಹಿಟ್ಟು ತಳಕ್ಕೆ ಕೂತ ಮೇಲೆ ಮೇಲಿನ ನೀರು ಬಸಿದು, ಹಿಟ್ಟು ಒದ್ದೆಯಾಗಿ ಉಳಿಯುವಷ್ಟೇ ಬಿಡಿ. ಮೂರು ನಾಲ್ಕು ಬಟ್ಟಲು ಕುದಿನೀರನ್ನು ಒಂದೇ ಸಲ ಸುರಿಯುತ್ತ ಬಿರುಸಾಗಿ ತಿರುವಿ. ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಆದರೆ ಸರಿ. ನೀರು ಬುಳುಬುಳು ಕುದಿಯುತ್ತಿರಲೇಬೇಕು. ಒಲೆಯಿಂದ ಇಳಿಸಿ ಎರಡು ನಿಮಿಷ ತಡವಾದರೂ ಹಿಟ್ಟು ಹಾಲಿನಂತೆ ಉಳಿದು ಗಂಟು ಕಟ್ಟುತ್ತದೆ. ಹಾಗಾದರೆ ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ಮಗುಚಿ, ಸ್ವಲ್ಪ ಸುಧಾರಿಸುತ್ತದೆ.

ಮುದ್ದೆಗೆ ರುಚಿ ಇಲ್ಲ, ರುಚಿ ಎಲ್ಲ ಹುಳಿಖಾರದ ಗೊಜ್ಜಿನಲ್ಲಿ. ಜೋಡಿ ಬಿದಿರುಕಡ್ಡಿ 'ಚಂದಾಸ್'ಗೆ ಸುತ್ತಿ, ಗೊಜ್ಜಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿಮುದ್ದೆ ನುಂಗುವವರಿಗೆ ಹೇಳಿಕೊಡಬೇಕಾದ್ದಿಲ್ಲ.

ಸಸ್ಯಾಹಾರಿಗಳು ಗಮನಿಸಿ: 'ಸಯೂರ್' ಎಂದರೆ ತರಕಾರಿ, ಆದರೆ ಅದರಲ್ಲಿ 'ಬೆಲಾಚನ್' ಎಂಬ ಸಿಗಡಿ ಮುದ್ದೆಯೋ ಒಣ ಮೀನೋ ಇರುವುದೇ ಹೆಚ್ಚು. ಮಾಂಸ ಬೇಡ ಎಂದರೆ ಸಾಲದು, ಬೆಲಾಚನ್ ಬೇಡ, ಮೀನೂ ಬೇಡ ಎಂದು ಹೆಸರು ಹಿಡಿದು ಹೇಳಿ.

ಓದುಗ_ದಾವಣಗೆರೆ

ಮೇಡಂ, ಇದನ್ನು ಮನೆಯಲ್ಲಿ ತೋರಿಸಿದೆ, ಧನ್ಯವಾದ. ಹಳೆಕಡತ ಸರ್, ಕೊನೆಯದಾಗಿ ಎರಡು ವಿಷಯ. ಇಷ್ಟೆಲ್ಲ ಸವಲತ್ತು ಇರುವಲ್ಲಿ ಹೊರಗಿನವರಿಗೆ ಪೌರತ್ವ ಸಿಗುತ್ತದೆಯೇ? 2019ರಲ್ಲಿ ಸುದ್ದಿಯಾದ ಷರಿಯಾ ದಂಡಸಂಹಿತೆ ಈಗ ಜಾರಿಯಲ್ಲಿದೆಯೇ?

ಹಳೆಕಡತ

ಪೌರತ್ವಕ್ಕೆ ಆಧಾರ 1961ರ ಕಾನೂನು. ತಂದೆ ಪ್ರಜೆಯಾಗಿದ್ದರೆ ಮಗುವಿಗೆ ತಾನಾಗಿ ಸಿಗುತ್ತದೆ. ತಾಯಿ ಮಾತ್ರ ಪ್ರಜೆಯಾಗಿದ್ದರೆ ಅರ್ಜಿ ಹಾಕಿಕೊಳ್ಳಬೇಕು. ಹೊರಗಿನವರಿಗೆ ದೀರ್ಘಕಾಲದ ವಾಸ ಮತ್ತು ಮಲಯ ಭಾಷೆಯ ಪರೀಕ್ಷೆ ಕಡ್ಡಾಯ. ಬಹುಸಂಖ್ಯೆಯ ಮಲಯರ ಜೊತೆ ಶೇ. 10ರಷ್ಟು ಚೀನೀ ಮೂಲದವರಿದ್ದಾರೆ, ಅವರಲ್ಲಿ ಅಲ್ಲೇ ಹುಟ್ಟಿ ಬೆಳೆದರೂ ಯಾವ ದೇಶದ ಪ್ರಜೆಯೂ ಅಲ್ಲದವರು ಅನೇಕರು. ಅವರ ಕೈಯಲ್ಲಿರುವುದು ಪಾಸ್‌ಪೋರ್ಟ್ ಅಲ್ಲ, ಅಂತರರಾಷ್ಟ್ರೀಯ ಗುರುತಿನ ಪತ್ರ. ಹಳದಿ ಚೀಟಿ ಇರುವ ಪ್ರಜೆಗೂ ಇವರಿಗೂ ಮನೆ, ಶಿಕ್ಷಣ, ಜಮೀನು ಎಲ್ಲದರಲ್ಲೂ ವ್ಯತ್ಯಾಸ. ಈ ದೇಶವನ್ನು ಹೊಗಳಿ ಬರೆಯುವವರು ಇದನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಷರಿಯಾ ದಂಡಸಂಹಿತೆಯನ್ನು 2013ರಲ್ಲಿ ಘೋಷಿಸಿ, 2014ರ ಮೇ 1ರಿಂದ ದಂಡ ಮತ್ತು ಸೆರೆವಾಸದ ಭಾಗವನ್ನು, 2019ರ ಏಪ್ರಿಲ್ 3ರಿಂದ ಕೈ ಕಡಿಯುವುದು, ಕಲ್ಲೆಸೆತ ಮುಂತಾದ ಭಾಗವನ್ನು ಜಾರಿಗೆ ತಂದರು. ಹೊರಗಿನಿಂದ ತೀವ್ರ ವಿರೋಧ ಬಂತು. ಮೇ 5ರಂದು ಸುಲ್ತಾನರು, ಮರಣದಂಡನೆಯನ್ನು ಜಾರಿ ಮಾಡದೆ ತಡೆಹಿಡಿದಿರುವ ಕ್ರಮ ಈ ಸಂಹಿತೆಗೂ ಅನ್ವಯಿಸುತ್ತದೆ ಎಂದರು. ಅಂದರೆ ಕಾನೂನು ರದ್ದಾಗಿಲ್ಲ, ಆ ಶಿಕ್ಷೆ ಮಾತ್ರ ತಡೆಯಲ್ಲಿದೆ. ಬ್ರಿಟಿಷ್ ಮಾದರಿಯ ಸಾಮಾನ್ಯ ನ್ಯಾಯಾಲಯಗಳೂ ಜೊತೆಯಲ್ಲೇ ನಡೆಯುತ್ತವೆ. ಸಂಹಿತೆಯ ಕೆಲವು ಕಲಮುಗಳು ಮುಸ್ಲಿಮೇತರರಿಗೂ ಅನ್ವಯಿಸುತ್ತವೆ, ಹಾಗಾಗಿ 'ನಮಗೆ ಸಂಬಂಧವಿಲ್ಲ' ಎಂದು ಹೋಗುವವರು ಅಂದುಕೊಳ್ಳಬಾರದು.

ತೈಲಬಾವಿ

ಭಾರತದ ನಂಟಿನ ಬಗ್ಗೆ ಒಂದೆರಡು ಸಾಲು. ಅಲ್ಲಿ ಸುಮಾರು 14 ಸಾವಿರ ಭಾರತೀಯರಿದ್ದಾರೆ, ವೈದ್ಯರು ಮತ್ತು ಶಿಕ್ಷಕರು ಅವರಲ್ಲಿ ಎದ್ದು ಕಾಣುವ ವರ್ಗ. 2024ರ ಸೆಪ್ಟೆಂಬರ್‌ನಲ್ಲಿ ಭಾರತದ ಪ್ರಧಾನಿಯೊಬ್ಬರು ಮೊದಲ ಬಾರಿ ದ್ವಿಪಕ್ಷೀಯ ಭೇಟಿಗೆ ಹೋದರು. ಅದೇ ವರ್ಷ ನವೆಂಬರ್‌ನಲ್ಲಿ ರಾಯಲ್ ಬ್ರೂನೈ ಚೆನ್ನೈಗೆ ನೇರ ವಿಮಾನ ಶುರುಮಾಡಿತು.

ಬೆಂಗಳೂರಿನವರಿಗೆ ಹತ್ತಿರದ ಇನ್ನೊಂದು ಕೊಂಡಿ ಇಸ್ರೋದ್ದು. ಶ್ರೀಹರಿಕೋಟದಿಂದ ಪೂರ್ವಕ್ಕೆ ಹಾರುವ ರಾಕೆಟ್ ನಮ್ಮ ನೆಲದ ಕೇಂದ್ರಗಳ ಕಣ್ಣಿನಿಂದ ದಿಗಂತದಾಚೆ ಮರೆಯಾದ ಮೇಲೆ ಅದರ ಸಂಕೇತ ಹಿಡಿಯಲು ದಾರಿಯಲ್ಲಿ ಬೇರೆ ಕೇಂದ್ರಗಳು ಬೇಕು. ಅಂಥದ್ದೊಂದು ಬ್ರೂನೈನಲ್ಲಿದೆ. ನಡೆಸುವುದು ಪೀಣ್ಯದಲ್ಲಿರುವ ಇಸ್ಟ್ರಾಕ್ ಎಂಬ ಇಸ್ರೋ ಘಟಕ. ಉಡಾವಣೆಯ ನೇರಪ್ರಸಾರದಲ್ಲಿ ಬ್ರೂನೈ ಎಂಬ ಹೆಸರು ಕೇಳಿಬರುವುದು ಇದರಿಂದಲೇ.